ಕಲಬುರಗಿಯಿಂದ ಕಡಲಿಗೆ: ಡೇರೆ, ಸ್ನಾರ್ಕೆಲಿಂಗ್ ಮತ್ತು ವನ್ಯಜೀವಿ ವೀಕ್ಷಣೆಯ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಿಂದ ಉತ್ತರ ಕನ್ನಡದ ಕಡಲಿಗೆ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್ ದೂರ. ಬೆಳಗಿನ ಜಾವ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ಅಂಕೋಲೆ ಮುಟ್ಟಬಹುದು. ಹೀಗಾಗಿ ನಮ್ಮ ಭಾಗದವರು ಮೂರು ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಗೋಕರ್ಣ, ಮುರುಡೇಶ್ವರ, ಉಡುಪಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿ ಬರುತ್ತಾರೆ. ದೇವರ ದರ್ಶನಕ್ಕೆ ಅಷ್ಟು ಸಮಯ ಸಾಕಾಗುತ್ತದೆ. ಆದರೆ ಕಡಲ ತಡಿಯಲ್ಲಿ ಡೇರೆ ಹಾಕಿ ಮಲಗಬೇಕು, ಮುರುಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ನೀರಿನಲ್ಲಿ ಮುಖವಿಟ್ಟು ಮೀನು ನೋಡಬೇಕು, ಡಾಲ್ಫಿನ್‌ಗಳನ್ನೂ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳನ್ನೂ ಕಾಣಬೇಕು ಎನ್ನುವವರು ದಿನ ಗೊತ್ತುಮಾಡುವ ಕ್ರಮವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಈ ಮೂರೂ ಕೆಲಸಗಳು ರಜೆಯ ಪಟ್ಟಿಗಿಂತ ಹೆಚ್ಚಾಗಿ ಚಂದ್ರ, ಗಾಳಿ ಮತ್ತು ಋತುವನ್ನು ಅವಲಂಬಿಸಿವೆ. ಆದ್ದರಿಂದ ಈ ಮಾರ್ಗದರ್ಶಿ ನಕ್ಷೆಗಿಂತ ಮೊದಲು ಪಂಚಾಂಗವನ್ನು ತೆರೆಯುತ್ತದೆ.

ಹಂತ 1: ಹೊರಡುವ ದಿನವನ್ನು ಗೊತ್ತುಮಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಪ್ರವಾಸಿಗರಿಗೆ ಹೇಳಿದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಅಕ್ಟೋಬರಿನಲ್ಲಿ ದೋಣಿಗಳು ಹೊರಟರೂ ಮಳೆಗಾಲದ ನದಿನೀರು ತಂದ ಕೆಸರು ಪೂರ್ತಿ ತಳಕ್ಕಿಳಿದಿರುವುದಿಲ್ಲ. ಮಾರ್ಚ್ ದಾಟಿದ ಮೇಲೆ ಸೆಖೆ ಹೆಚ್ಚುತ್ತದೆ, ಮೇ ತಿಂಗಳಲ್ಲಿ ಅಲೆಗಳೂ ಏಳತೊಡಗುತ್ತವೆ. ನೀರು ತಿಳಿಯಾಗಿ, ಗಾಳಿ ತಣ್ಣಗಾಗಿ, ವಲಸೆ ಹಕ್ಕಿಗಳೂ ಬಂದಿಳಿದಿರುವ ಕಾಲವೆಂದರೆ ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಮಾತ್ರ. ತೊಗರಿ ರಾಶಿ ಮುಗಿಸಿ ಕೈ ಖಾಲಿಯಾದ ರೈತ ಕುಟುಂಬಗಳಿಗೆ ಜನವರಿಯ ಕೊನೆ ಮತ್ತು ಫೆಬ್ರುವರಿ ಹೇಳಿ ಮಾಡಿಸಿದ ಸಮಯ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಗೋಕರ್ಣ ಮತ್ತು ಮುರುಡೇಶ್ವರದಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡುವುದೇ ಒಳಿತು.

ಋತುವಿನೊಳಗೆ ತಿಥಿಯನ್ನೂ ನೋಡಬೇಕು. ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಅಂದರೆ ಕಡಲ ನೀರಿನ ಏರಿಕೆ, ಎರಡು ಸಲ ಇಳಿತ ಬರುತ್ತವೆ, ಮತ್ತು ಇವುಗಳ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಆ ದಿನಗಳಲ್ಲಿ ಮತ್ತು ಅದರ ಮರುದಿನ ಭರತ ಅತಿ ಎತ್ತರಕ್ಕೆ ಏರುತ್ತದೆ, ಇಳಿತ ಅತಿ ಕೆಳಕ್ಕೆ ಇಳಿಯುತ್ತದೆ. ಅಷ್ಟು ನೀರು ಅಷ್ಟೇ ಗಂಟೆಗಳಲ್ಲಿ ಒಳಗೂ ಹೊರಗೂ ಓಡಾಡಬೇಕಾದ್ದರಿಂದ ಸೆಳವು ಹೆಚ್ಚಿರುತ್ತದೆ, ತಳದ ಮರಳೂ ಕದಡುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಏರಿಳಿತದ ಅಂತರ ಕಡಿಮೆ, ಸೆಳವು ಮಂದ, ನೀರು ಹೆಚ್ಚು ತಿಳಿ. ಮೊದಲ ಸಲ ಕಡಲಿಗಿಳಿಯುವವರಿಗೆ ಅಷ್ಟಮಿಯೇ ಸರಿಯಾದ ದಿನ.

ಹೀಗಿರುವಾಗ ನನ್ನ ಸಲಹೆ ಇಷ್ಟು: ಅಮಾವಾಸ್ಯೆಯ ಮರುದಿನ ಪಾಡ್ಯಕ್ಕೆ ಊರು ಬಿಡಿ, ನಿಧಾನವಾಗಿ ಕಾಡು ದಾಟಿ, ಎಂಟನೆಯ ದಿನ ನೇತ್ರಾಣಿಗೆ ಹೋಗುವಂತೆ ಹಾದಿಯನ್ನು ಹೊಂದಿಸಿಕೊಳ್ಳಿ. ಇದರಿಂದ ಇನ್ನೊಂದು ಲಾಭವಿದೆ. ಪಾಡ್ಯ, ಬಿದಿಗೆ ಕಳೆದ ಮೇಲೆ ಭರತದ ಗೆರೆ ದಿನೇ ದಿನೇ ಕೆಳಗಿಳಿಯುತ್ತ ಹೋಗುವುದರಿಂದ, ನೀವು ಡೇರೆ ಹಾಕುವ ಹೊತ್ತಿಗೆ ಹಿಂದಿನ ದೊಡ್ಡ ಭರತ ಬಿಟ್ಟುಹೋದ ಕಸಕಡ್ಡಿಯ ಗೆರೆ ಮರಳಿನ ಮೇಲೆ ಎದ್ದು ಕಾಣುತ್ತಿರುತ್ತದೆ. ಅದಕ್ಕಿಂತ ಮೇಲೆ ಮಲಗಿದವರ ತನಕ ನೀರು ಬರುವ ಸಂಭವ ಕಡಿಮೆ. ಅಷ್ಟಮಿಯಿಂದ ಹುಣ್ಣಿಮೆಯ ಕಡೆಗೆ ಹೋಗುವ ಪ್ರವಾಸದಲ್ಲಿ ಇದು ತಿರುವುಮುರುವಾಗುತ್ತದೆ. ಇಂದು ಒಣಗಿದ್ದ ಜಾಗ ನಾಳೆ ರಾತ್ರಿ ಒದ್ದೆಯಾಗಬಹುದು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಂಡು ಮರುದಿನ ಬೆಳಿಗ್ಗೆ ಹೊರಡುವವರಿಗೆ ಈ ಲೆಕ್ಕ ತಾನಾಗಿಯೇ ಕೂಡಿಬರುತ್ತದೆ, ಆ ವರ್ಷ ಅದು ಕ್ರಿಸ್‌ಮಸ್ ವಾರಕ್ಕೆ ತಾಗದಿದ್ದರೆ.

ಪಂಚಾಂಗ ಅಂದಾಜು ಕೊಡುತ್ತದೆ, ಗಂಟೆ ಕೊಡುವುದಿಲ್ಲ. ಕಾರವಾರದ ಭರತ-ಇಳಿತದ ವೇಳಾಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಏಕೆಂದರೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಲೆಗಳ ಎತ್ತರ ಮತ್ತು ಕಡಲ ಉಬ್ಬರದ ಎಚ್ಚರಿಕೆಗಳನ್ನು ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಪ್ರತಿದಿನ ಪ್ರಕಟಿಸುತ್ತದೆ. ಆಕಾಶ ಶುಭ್ರವಾಗಿದ್ದರೂ ದೂರದ ಸಾಗರದಲ್ಲೆದ್ದ ಅಲೆಗಳು ನಮ್ಮ ದಡಕ್ಕೆ ಬಂದಪ್ಪಳಿಸುವುದುಂಟು. ಆದ್ದರಿಂದ ಮಳೆಯ ಮುನ್ಸೂಚನೆ ನೋಡಿದಷ್ಟರಿಂದ ಕಡಲಿನ ಸ್ಥಿತಿ ತಿಳಿಯುವುದಿಲ್ಲ.

ಹಂತ 2: ಊರಿನಲ್ಲೇ ಮುಗಿಸಬೇಕಾದ ತಾಲೀಮು

ನಮ್ಮ ಹಳ್ಳಿಗಳಲ್ಲಿ ಬಾವಿಗೆ ಧುಮುಕಿ ಈಜು ಕಲಿತವರು ಬಹಳ. ಭೀಮಾ ನದಿಯಲ್ಲಿ ಈಜಿದವರೂ ಇದ್ದಾರೆ. ಕಡಲಿನಲ್ಲಿ ಅಪಾಯಕ್ಕೆ ಸಿಲುಕುವವರಲ್ಲಿ ಇಂಥ ಧೈರ್ಯವಂತರೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬಾವಿಯ ನೀರು ನಿಂತ ನೀರು, ನಾಲ್ಕು ಮೊಳ ಈಜಿದರೆ ಕೈಗೆ ಗೋಡೆ ಸಿಗುತ್ತದೆ. ಕಡಲಿನಲ್ಲಿ ದಡಕ್ಕೆ ಬಂದ ಅಲೆಯ ನೀರು ಹಿಂದಿರುಗಲು ದಾರಿ ಹುಡುಕಿ, ಕಿರಿದಾದ ಒಂದು ಪಟ್ಟಿಯಲ್ಲಿ ಒಟ್ಟಾಗಿ ರಭಸದಿಂದ ಹೊರಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವುದರಿಂದ ಹೊಸಬರು ಅಲ್ಲಿಯೇ ಇಳಿಯುತ್ತಾರೆ. ಈ ಸೆಳವಿಗೆ ಸಿಕ್ಕಾಗ ದಡದ ಕಡೆಗೆ ನೇರವಾಗಿ ಈಜಿ ದಣಿಯಬಾರದು; ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಅದೂ ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ನಾಡಿಗೇ ಗೊತ್ತಿರುವ ಸಂಗತಿ. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟವಿದ್ದ ಕಡೆ, ಸಂಜೆಯ ಮಬ್ಬಿನಲ್ಲಿ ಯಾರೂ ಮೊಣಕಾಲಿಗಿಂತ ಆಳಕ್ಕೆ ಇಳಿಯಕೂಡದು ಎಂಬ ನಿಯಮವನ್ನು ಮನೆಯವರೆಲ್ಲರಿಂದ ಊರಿನಲ್ಲೇ ಒಪ್ಪಿಸಿಕೊಳ್ಳಿ.

ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತ, ನೀರಿನ ಮೇಲೆ ತೇಲಿ ಕೆಳಗೆ ನೋಡುವ ಸ್ನಾರ್ಕೆಲಿಂಗ್ ಕಲಿಯುವುದಕ್ಕೆ ನಗರದ ಈಜುಕೊಳವೇ ಸಾಕು, ಮತ್ತು ಇದನ್ನು ನೇತ್ರಾಣಿಯ ದೋಣಿಯಲ್ಲಿ ಕಲಿಯುತ್ತೇನೆ ಎನ್ನುವುದು ಹಣವನ್ನೂ ದಿನವನ್ನೂ ಕಳೆದುಕೊಳ್ಳುವ ದಾರಿ. ಮೊದಲು ಮಾಸ್ಕ್. ಪಟ್ಟಿ ಹಾಕದೆ ಮುಖಕ್ಕಿಟ್ಟುಕೊಂಡು ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ತಾನೇ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ನಿಮ್ಮ ಮುಖಕ್ಕೆ ಆ ಅಳತೆ ಒಗ್ಗುವುದಿಲ್ಲ. ನಮ್ಮ ಕಡೆಯ ದಪ್ಪ ಮೀಸೆಯ ಗಂಡಸರಿಗೆ ಇಲ್ಲೊಂದು ತೊಡಕಿದೆ, ಕೂದಲಿನ ಸಂದಿಯಿಂದ ನೀರು ಒಳಗೆ ಜಿನುಗುತ್ತದೆ. ಮೂಗಿನ ಕೆಳಗಿನ ಒಂದು ಗೆರೆಯಷ್ಟನ್ನು ಕತ್ತರಿಸಿಕೊಳ್ಳಬೇಕು, ಇಲ್ಲವೇ ಅಲ್ಲಿ ಸ್ವಲ್ಪ ವ್ಯಾಸಲಿನ್ ಸವರಿಕೊಳ್ಳಬೇಕು. ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಲ್ಲಿ ಕೂರುವುದಿಲ್ಲವಾದ್ದರಿಂದ ಕನ್ನಡಕದವರು ತಮ್ಮ ನಂಬರಿನ ಗಾಜಿರುವ ಮಾಸ್ಕ್ ತರಿಸಿಕೊಳ್ಳುವುದು ಮೇಲು. ಗಾಜು ಮಂಜಾಗದಿರಲು ಒಳಬದಿಗೆ ಬೇಬಿ ಶಾಂಪೂವಿನ ಒಂದು ಹನಿ ಉಜ್ಜಿ, ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ.

ಆಮೇಲೆ ಕೊಳವೆ. ಎದೆಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ, ಬಾಯಿಯಿಂದ ನಿಧಾನವಾಗಿ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಮೂಗಿನಿಂದ ಉಸಿರೆಳೆಯುವ ಹಂಬಲ ಮೊದಮೊದಲು ಬಿಡುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಕೊಳವೆಗೆ ನೀರು ನುಗ್ಗಿದಾಗ ತಲೆಯೆತ್ತದೆ ಒಂದೇ ಸಲ ಜೋರಾಗಿ ಊದಿ ಹೊರಹಾಕಬೇಕು. ಮಾಸ್ಕಿಗೆ ನೀರು ಬಂದರೆ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ ಮೂಗಿನಿಂದ ಊದಿದರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಈ ಎರಡನ್ನು ಗಾಬರಿಯಿಲ್ಲದೆ ಮಾಡಲು ಬಂದ ಮೇಲಷ್ಟೇ ಕಾಲಿನ ರೆಕ್ಕೆ ಕಟ್ಟಿಕೊಳ್ಳಿ. ಅದನ್ನು ಮೊಣಕಾಲಿನಿಂದಲ್ಲ, ಸೊಂಟದಿಂದ ನಿಧಾನವಾಗಿ ಬೀಸಬೇಕು. ಜೋರಾಗಿ ಹತ್ತಾರು ಸಲ ಉಸಿರೆಳೆದುಕೊಂಡು ಉಸಿರು ಕಟ್ಟಿ ಮುಳುಗುವ ಪಂದ್ಯವನ್ನು ಹುಡುಗರು ಆಡದಂತೆ ನೋಡಿಕೊಳ್ಳಿ, ಏಕೆಂದರೆ ಅದರಿಂದ ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೇ ಎಚ್ಚರ ತಪ್ಪುತ್ತದೆ. ಹೃದಯದ ತೊಂದರೆ, ಉಬ್ಬಸ, ಮೂರ್ಛೆ ಇರುವವರು ಮತ್ತು ಬಸುರಿಯರು ವೈದ್ಯರನ್ನು ಕೇಳದೆ ಹೊರಡಬಾರದು.

ಡೇರೆಯನ್ನೂ ಒಂದು ರಾತ್ರಿ ಹೊಲದಲ್ಲಿ ಹಾಕಿ ಮಲಗಿ ನೋಡಿ. ಯಾವ ಕೋಲು ಎಲ್ಲಿಗೆ ಎಂಬುದು ಕತ್ತಲಲ್ಲಿ ಕೈಗೆ ತಿಳಿದಿರಬೇಕು. ನಮ್ಮ ಎರೆಭೂಮಿಯಲ್ಲಿ ಗಟ್ಟಿಯಾಗಿ ಕೂರುವ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಗೂಟಗಳ ಬದಲಿಗೆ ಎಂಟು ಹತ್ತು ಸಣ್ಣ ಬಟ್ಟೆಚೀಲ ಹೊಲಿಸಿಕೊಳ್ಳಿ. ಅವಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದೂವರೆ ಅಡಿ ಆಳಕ್ಕೆ ಹೂತರೆ ಗಾಳಿಗೆ ಅಲುಗುವುದಿಲ್ಲ.

ಹಂತ 3: ವಾಹನ, ಸಾಮಾನು, ಬುತ್ತಿ

ವಾಹನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬ್ರೇಕ್, ಟೈರ್, ಸ್ಟೆಪ್ನಿ, ಕೂಲಂಟ್ ನೋಡಿಸಿ, ಫಾಸ್ಟ್ಯಾಗ್‌ಗೆ ಹಣ ತುಂಬಿ, ಘಟ್ಟ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಡದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಮರಳಿನ ಮೇಲೆ ವಾಹನ ಓಡಿಸಬೇಡಿ. ಸಿಕ್ಕಿಬೀಳುವುದು ಒಂದು ಕಡೆಯಾದರೆ ಆಮೆಗಳ ಮೊಟ್ಟೆಯ ಮೇಲೆ ಚಕ್ರ ಹರಿಯುವುದು ಇನ್ನೊಂದು ಕಡೆ.

ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಹಾದಿಗೆ ಅತ್ಯುತ್ತಮ ಬುತ್ತಿ, ಒಂದು ಎಚ್ಚರಿಕೆಯೊಂದಿಗೆ: ಘಟ್ಟ ಇಳಿದ ಕೂಡಲೇ ಕಡಲಗಾಳಿಯ ತೇವಕ್ಕೆ ಕಡಕ್ ರೊಟ್ಟಿ ಒಂದೇ ದಿನದಲ್ಲಿ ತೊಗಲಿನಂತಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಕೂಡಲೇ ಮುಚ್ಚಿ. ಅದೇ ತೇವ ಡೇರೆಯ ಒಳಗೂ ಕೂರುವುದರಿಂದ ಹತ್ತಿಯ ಗಾದಿಗಿಂತ ಬೇಗ ಒಣಗುವ ಹಾಸಿಗೆ ಮೇಲು. ತುಂಬುತೋಳಿನ ಈಜುಡುಗೆ, ಹೆಡ್‌ಲ್ಯಾಂಪ್, ಅದರ ಗಾಜಿಗೆ ಅಂಟಿಸಲು ಕೆಂಪು ಜಿಲೆಟಿನ್ ಹಾಳೆ, ದುರ್ಬೀನು, ಓಆರ್‌ಎಸ್, ಚಿಮುಟ, ವೈದ್ಯರನ್ನು ಕೇಳಿ ತಂದ ವಾಂತಿಯ ಮಾತ್ರೆ, ಪ್ರತಿಯೊಬ್ಬರ ಗುರುತಿನ ಚೀಟಿ ಇವು ಮರೆಯಬಾರದ ವಸ್ತುಗಳು. ಕಾಡಿನ ನಡಿಗೆಗೆ ಉದ್ದತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ರಕ್ತ ಹೀರುವ ಉಣ್ಣೆ ಹುಳುಗಳ ಮೂಲಕ ಹರಡುತ್ತದೆ. ಉತ್ತರ ಕನ್ನಡದ ಕೆಲವು ತಾಲೂಕುಗಳಲ್ಲಿ ಅದು ಕಾಣಿಸಿಕೊಳ್ಳುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ನೀವು ಹೋಗುವ ಕಾಲದಲ್ಲಿಯೇ. ಸತ್ತ ಮಂಗ ಕಂಡ ಕಡೆ ನಿಲ್ಲಬೇಡಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಮೈಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ.

ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟರೆ 1033, ಕಡಲಿನಲ್ಲಿ ಆಪತ್ತಾದರೆ ಕರಾವಳಿ ಕಾವಲು ಪಡೆಯ 1554. ಈ ನಾಲ್ಕನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ.

ಹಂತ 4: ಪಾಡ್ಯದಿಂದ ತದಿಗೆಯವರೆಗೆ, ಬಯಲು ದಾಟಿ ಕಾಡಿಗೆ

ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ, ಜೇವರ್ಗಿ, ಸಿಂದಗಿಗಳ ಮೇಲೆ ವಿಜಯಪುರಕ್ಕೆ ಸುಮಾರು 160 ಕಿಲೋಮೀಟರ್. ಬೀದರಿನವರು ಹುಮನಾಬಾದ್ ಮೂಲಕ ಕಲಬುರಗಿಗೆ ಬಂದು, ಯಾದಗಿರಿಯವರು ಶಹಾಪುರದ ಮೇಲೆ ಜೇವರ್ಗಿಗೆ ಬಂದು ಇದೇ ಹಾದಿಯನ್ನು ಸೇರಬಹುದು. ವಿಜಯಪುರದಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಇನ್ನೂ 200 ಕಿಲೋಮೀಟರ್. ನಡುವೆ ಕೊಲ್ಹಾರದಲ್ಲಿ ಆಲಮಟ್ಟಿಯ ಹಿನ್ನೀರು ಸಿಗುತ್ತದೆ. ವನ್ಯಜೀವಿ ವೀಕ್ಷಣೆಯನ್ನು ಇಲ್ಲಿಂದಲೇ ಆರಂಭಿಸಬಹುದು, ಏಕೆಂದರೆ ಚಳಿಗಾಲದಲ್ಲಿ ಈ ಹಿನ್ನೀರಿನ ಅಂಚುಗಳಿಗೆ ರಾಜಹಂಸಗಳೂ ಬಾತುಗಳೂ ಇಳಿಯುತ್ತವೆ. ಸೇತುವೆಯ ಮೇಲೆ ನಿಲ್ಲಿಸದೆ, ದಾಟಿದ ಮೇಲೆ ಸುರಕ್ಷಿತವಾದ ಕಡೆ ಇಳಿದು ದುರ್ಬೀನು ಹಿಡಿಯಿರಿ. ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ. ಅದೇ ದಿನ ಘಟ್ಟಕ್ಕೆ ನುಗ್ಗುವ ಆಸೆ ಬೇಡ.

ಹುಬ್ಬಳ್ಳಿಯಿಂದ ದಾಂಡೇಲಿ ಸುಮಾರು 75 ಕಿಲೋಮೀಟರ್. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಅಣಶಿ-ದಾಂಡೇಲಿ ಕಾಡಿಗೆ ಈಗ ಕಾಳಿ ಎಂಬ ಹೆಸರಿದೆ. ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದ್ದು, ಅಲ್ಲಿನ ಡೇರೆಯನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಈ ಕಾಡಿನೊಳಗೆ ಸ್ವಂತ ಡೇರೆ ಹಾಕುವುದು ಅಪರಾಧ. ಸಫಾರಿಯಲ್ಲಿ ಕರಿಚಿರತೆ ಕಂಡೇ ತೀರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ದಟ್ಟ ಕಾಡು, ಇಲ್ಲಿ ಪ್ರಾಣಿಗಿಂತ ಅದರ ಸದ್ದು ಮೊದಲು ಸಿಗುತ್ತದೆ. ಕಾಡುಕೋಣ, ಚುಕ್ಕೆ ಜಿಂಕೆ, ಕೆಂಜಳಿಲು ಕಾಣುವ ಸಂಭವ ಹೆಚ್ಚು.

ನನ್ನನ್ನು ಕೇಳಿದರೆ ದಾಂಡೇಲಿಗೆ ಹೋಗಬೇಕಾದ್ದು ಹುಲಿಗಾಗಿ ಅಲ್ಲ, ಮಂಗಟ್ಟೆಗಳಿಗಾಗಿ. ಪಶ್ಚಿಮಘಟ್ಟದ ನಾಲ್ಕು ಬಗೆಯ ಮಂಗಟ್ಟೆಗಳೂ ಇಲ್ಲಿವೆ, ಅವುಗಳಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಊರಿಗೆ ತಾಗಿರುವ ಮರದ ಡಿಪೋದ ಸುತ್ತಮುತ್ತ ಮುಂಜಾನೆ ಅವುಗಳ ರೆಕ್ಕೆಯ ಬೀಸು ಸ್ಪಷ್ಟವಾಗಿ ಕೇಳುತ್ತದೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಕಿರಿದಾದ ಸೀಳೊಂದನ್ನು ಬಿಟ್ಟು ಮುಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡೇ ಆ ಸೀಳಿನಿಂದ ಹಣ್ಣು ಕೊಟ್ಟು ಸಾಕುತ್ತದೆ. ಫೆಬ್ರುವರಿಯಿಂದ ಆರಂಭವಾಗುವ ಈ ಕಾಲದಲ್ಲಿ ಗಂಡು ಹೆದರಿ ಗೂಡಿಗೆ ಬಾರದಿದ್ದರೆ ಒಳಗಿರುವ ತಾಯಿಗೂ ಮರಿಗೂ ಉಪವಾಸವೇ ಗತಿ. ಆದ್ದರಿಂದ ಗೂಡಿನ ಮರದ ಬುಡಕ್ಕೆ ಹೋಗುವುದಾಗಲಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಾಗಲಿ ಸಲ್ಲದು.

ಹಂತ 5: ಚೌತಿ, ಪಂಚಮಿ: ಅಣಶಿ ಇಳಿದು ಕಾರವಾರಕ್ಕೆ

ದಾಂಡೇಲಿಯಲ್ಲಿ ಇಂಧನ ತುಂಬಿಸಿಕೊಂಡು, ಹಗಲಿನಲ್ಲಿಯೇ ಜೋಯಿಡಾ, ಅಣಶಿ, ಕದ್ರಾ ಮೂಲಕ ಕಾರವಾರಕ್ಕೆ ಇಳಿಯಿರಿ. ದೂರ ನೂರು ಕಿಲೋಮೀಟರಿನ ಆಸುಪಾಸಾದರೂ ತಿರುವುಗಳಿಂದಾಗಿ ಅರ್ಧ ದಿನ ಹಿಡಿಯುತ್ತದೆ. ಹುಟ್ಟಿದ ಜಿಲ್ಲೆಯನ್ನು ಬಿಡದೆ ಹರಿದು ಕಡಲು ಸೇರುವ ಕಾಳಿ ನದಿಯ ಅಳಿವೆ ಕಾರವಾರದಲ್ಲಿದೆ, ಆಚೆ ದಡದಲ್ಲಿ ದೇವಬಾಗ.

ಈ ಅಳಿವೆಯ ಸುತ್ತಲಿನ ಆಳವಿಲ್ಲದ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹಿಡಿಯಲು ಬರುತ್ತವೆ. ಗಾಳಿ ಏಳುವ ಮೊದಲು, ನೀರಿನ ಮೈ ನುಣುಪಾಗಿರುವ ಬೆಳಗಿನ ಎರಡು ಮೂರು ಗಂಟೆಗಳಲ್ಲಿ ಅವುಗಳ ಬೆನ್ನು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಮಧ್ಯಾಹ್ನ ಕಡಲಗಾಳಿ ಬೀಸತೊಡಗಿದ ಮೇಲೆ ಪ್ರತಿಯೊಂದು ತೆರೆಯೂ ಬೆನ್ನೆಂದೇ ಭ್ರಮೆಯಾಗುತ್ತದೆ. ದೋಣಿಯವರೊಂದಿಗೆ ಹತ್ತುವ ಮೊದಲೇ ಎರಡು ಮಾತು ಆಡಿಕೊಳ್ಳಿ: ಎಲ್ಲರಿಗೂ ಲೈಫ್ ಜಾಕೆಟ್ ಇರಬೇಕು, ಡಾಲ್ಫಿನ್ ಕಂಡಾಗ ಬೆನ್ನಟ್ಟದೆ ಎಂಜಿನ್ ನಿಧಾನ ಮಾಡಿ ದೂರದಲ್ಲಿ ನಿಲ್ಲಬೇಕು. ದೋಣಿ ನಿಂತರೆ ಅವು ತಾವಾಗಿ ಹತ್ತಿರ ಬರುವುದುಂಟು, ಬೆನ್ನಟ್ಟಿದರೆ ಮುಳುಗಿ ಹೋಗುತ್ತವೆ. ಬಿಳಿ ಹೊಟ್ಟೆಯ ಕಡಲ ಹದ್ದನ್ನು ನೋಡಲು ಮೇಲಕ್ಕೂ ಕಣ್ಣಿಟ್ಟಿರಿ. ನೌಕಾನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಇರಲಿ.

ಹಂತ 6: ಕಡಲ ತಡಿಯಲ್ಲಿ ಡೇರೆ

ಬೇಕಾದ ಕಡೆ ಡೇರೆ ಹಾಕುವ ಸ್ವಾತಂತ್ರ್ಯ ಇಲ್ಲಿಲ್ಲ. ಗೋಕರ್ಣದ ಕುಡ್ಲೆ, ಓಂ ಮುಂತಾದ ತೀರಗಳಲ್ಲಿ ಪೊಲೀಸರು ಎಬ್ಬಿಸಿ ಕಳಿಸಬಹುದು, ಮತ್ತು ಅವರು ಹಾಗೆ ಮಾಡುವುದು ಸರಿಯಾಗಿಯೇ ಇದೆ. ಕಡಲಿಗೆ ತಾಗಿದ ತೆಂಗಿನ ತೋಟಗಳಲ್ಲಿ ಡೇರೆಗೆ ಜಾಗ, ಶೌಚಾಲಯ, ಸಿಹಿನೀರು ಕೊಡುವ ಹೋಂಸ್ಟೇಗಳು ಕುಮಟಾ, ಗೋಕರ್ಣ, ಹೊನ್ನಾವರದ ಆಸುಪಾಸಿನಲ್ಲಿ ಸಿಗುತ್ತವೆ. ಕುಟುಂಬದೊಂದಿಗೆ ಹೋಗುವವರು ಅಂಥದ್ದನ್ನೇ ಹಿಡಿಯಬೇಕು. ಸಾರ್ವಜನಿಕ ತೀರದಲ್ಲಿ ಹಾಕುವುದಿದ್ದರೆ ಗ್ರಾಮ ಪಂಚಾಯಿತಿ ಮತ್ತು ಠಾಣೆಯನ್ನು ಮೊದಲು ಕೇಳಿ.

ಜಾಗ ಆರಿಸುವಾಗ ಮೊದಲು ತಲೆಯೆತ್ತಿ ನೋಡಿ. ತೆಂಗಿನ ಮರದ ಕೆಳಗೆ ಮಲಗುವುದು ಚಿತ್ರದಲ್ಲಿ ಚೆಂದ; ಕಾಯಿ ಬೀಳುವುದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ಆಮೇಲೆ ಕಸಕಡ್ಡಿಯ ಗೆರೆ ಹುಡುಕಿ, ಅದರಿಂದ ಕನಿಷ್ಠ ಇಪ್ಪತ್ತು ಹೆಜ್ಜೆ ಮೇಲೆ ನಿಲ್ಲಿ. ಹಳ್ಳ ಕಡಲಿಗೆ ಸೇರುವ ಬಾಯಿಯಲ್ಲಿ ಹಾಕಬೇಡಿ, ಏಕೆಂದರೆ ಭರತದ ನೀರು ಹಿಂದಿನಿಂದ ಸುತ್ತಿ ಬರುತ್ತದೆ. ಹಗಲು ಕಡಲಿನಿಂದ ನೆಲದ ಕಡೆಗೆ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿಗೆ ತಿರುಗುವುದರಿಂದ ಎರಡೂ ಬದಿಯ ಕಿಟಕಿ ತೆರೆದಿಟ್ಟರೆ ಒಳಗೆ ಹನಿಗಟ್ಟುವುದು ಕಡಿಮೆಯಾಗುತ್ತದೆ.

ಬೆಂಕಿ ಹಾಕುವುದು ಬೇಡ, ಬಿಳಿ ದೀಪವೂ ಬೇಡ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಇದೇ ಮರಳಿಗೆ ಹತ್ತಿ ಒಂದು ಗುಂಡಿಗೆ ನೂರರ ಆಸುಪಾಸಿನಷ್ಟು ಮೊಟ್ಟೆಯಿಟ್ಟು ಹಿಂದಿರುಗುತ್ತವೆ. ಸುಮಾರು 45ರಿಂದ 60 ದಿನಗಳ ಮೇಲೆ ಹೊರಬರುವ ಮರಿಗಳು ಬೆಳಕಿರುವ ಕಡೆಯೇ ಕಡಲು ಎಂದು ತಿಳಿದು ಓಡುವುದರಿಂದ ನಿಮ್ಮ ಬಲ್ಬು ಅವನ್ನು ರಸ್ತೆಯ ಕಡೆಗೆ ಎಳೆಯುತ್ತದೆ. ಆ ಕೆಂಪು ಹಾಳೆ ಇದ್ದದ್ದು ಇದಕ್ಕೇ. ಆಮೆ ಕಂಡರೆ ಅಲುಗದೆ ನಿಂತು, ಅದು ಹಿಂದಿರುಗಿದ ಮೇಲೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಗೂಡಿಗೆ ಬೇಲಿ ಹಾಕುತ್ತಾರೆ.

ಹಂತ 7: ಷಷ್ಠಿ, ಸಪ್ತಮಿ: ಅಘನಾಶಿನಿ ಮತ್ತು ಹೊನ್ನಾವರ

ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ ಇಳಿತದ ವೇಳೆಗೆ ಸರಿಯಾಗಿ ಹೋಗಬೇಕು, ಏಕೆಂದರೆ ಕೆಸರಿನ ಬಯಲು ತೆರೆದುಕೊಂಡಾಗಲೇ ಗೊರವ, ಉಲ್ಲಂಕಿ ಮುಂತಾದ ನೀರುಹಕ್ಕಿಗಳು ಮೇಯಲು ಇಳಿಯುತ್ತವೆ, ಊರಿನ ಹೆಂಗಸರೂ ಗಂಡಸರೂ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಸವುಳು ಏರಿದ ಹೊಲದ ಸಂಕಟ ಬಲ್ಲ ನಮ್ಮ ನೀರಾವರಿ ರೈತರು ಅದನ್ನು ಬೆಳೆಯುವವರನ್ನು ಮಾತಾಡಿಸಿ ಬರುವುದು ಒಳ್ಳೆಯದು. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಕಾಲುದಾರಿಯಿದೆ. ಅಲ್ಲೇ ಇರುವ ಕಾಸರಕೋಡು ತೀರಕ್ಕೆ 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಈಜಿನ ಜಾಗ ಗುರುತಿಸಿರುವ, ಜೀವರಕ್ಷಕರಿರುವ ತೀರವಾದ್ದರಿಂದ ಮನೆಯವರೆಲ್ಲ ಉಪ್ಪುನೀರಿನಲ್ಲಿ ಮಾಸ್ಕ್ ಹಾಕಿ ಕೊನೆಯ ತಾಲೀಮು ಮಾಡಲು ಇದೇ ಸರಿಯಾದ ಜಾಗ. ಮಾಡುವ ಮೊದಲು ಜೀವರಕ್ಷಕರಿಗೆ ಒಂದು ಮಾತು ಹೇಳಿ. ಉಪ್ಪುನೀರಿನಲ್ಲಿ ದೇಹ ಬಾವಿಯ ನೀರಿಗಿಂತ ಹಗುರವಾಗಿ ತೇಲುವುದು ಎಲ್ಲರಿಗೂ ಧೈರ್ಯ ಕೊಡುತ್ತದೆ.

ಹಂತ 8: ಅಷ್ಟಮಿ, ನೇತ್ರಾಣಿ

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿಗೆ ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ದ್ವೀಪದ ಮೇಲೆ ಕಾಲಿಡಲು ಅನುಮತಿಯಿಲ್ಲ. ದೋಣಿ ಲಂಗರು ಹಾಕಿ ನಿಂತ ಕಡೆಯೇ ನೀರಿಗಿಳಿಯಬೇಕು. ಪರವಾನಗಿ ತೋರಿಸುವ, ನೀರಿನಲ್ಲಿ ನಿಮ್ಮೊಡನೆ ಇಳಿಯುವ ಮಾರ್ಗದರ್ಶಕರನ್ನು ಕೊಡುವ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡಿರುವ ಸಂಸ್ಥೆಯನ್ನೇ ಆರಿಸಿ. ಈ ಮೂರನ್ನು ಕೇಳಿದಾಗ ಮುಖ ಗಂಟಿಕ್ಕುವವರ ದೋಣಿ ಹತ್ತಬೇಡಿ, ದರ ಎಷ್ಟೇ ಕಡಿಮೆಯಿರಲಿ.

ಬೆಳಗಿನ ಮೊದಲ ದೋಣಿಗೇ ಹೆಸರು ಬರೆಸಿ. ಹೊರಡುವ ಒಂದು ಗಂಟೆ ಮೊದಲು ವಾಂತಿಯ ಮಾತ್ರೆ, ಜೊತೆಗೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ಸಾಕು. ಖಾಲಿ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಎರಡೂ ಕಷ್ಟವೇ. ದೋಣಿಯಲ್ಲಿ ಹಿಂಭಾಗದ ನಡುವೆ ಕುಳಿತು ದಿಗಂತವನ್ನು ನೋಡುತ್ತಿರಿ, ಮೊಬೈಲ್ ನೋಡಿದರೆ ತಲೆ ತಿರುಗುವುದು ಖಚಿತ. ನೀರಿಗಿಳಿಯುವಾಗ ಲೈಫ್ ಜಾಕೆಟ್ ಈಜು ಬಲ್ಲವರಿಗೂ ಕಡ್ಡಾಯವೆಂದೇ ತಿಳಿಯಿರಿ. ಇಬ್ಬಿಬ್ಬರ ಜೋಡಿ ಮಾಡಿ, ಎರಡು ಮೂರು ನಿಮಿಷಕ್ಕೊಮ್ಮೆ ತಲೆಯೆತ್ತಿ ಜೊತೆಗಾರನನ್ನೂ ದೋಣಿಯನ್ನೂ ನೋಡುವ ರೂಢಿಯಿಟ್ಟುಕೊಳ್ಳಿ. ತಲೆಯ ಮೇಲೆ ಕೈಯಿಟ್ಟರೆ ಕ್ಷೇಮ, ಕೈ ಬೀಸಿದರೆ ಸಹಾಯ ಬೇಕು ಎಂದರ್ಥ. ಹೀಗಾಗಿ ದೋಣಿಯಲ್ಲಿರುವವರಿಗೆ ಖುಷಿಯಿಂದ ಟಾಟಾ ಮಾಡಬೇಡಿ.

ನೀರು ತಿಳಿಯಾಗಿರುವ ದಿನ ಮೇಲಿನಿಂದಲೇ ಬಂಡೆ ಮತ್ತು ಹವಳಗಳ ನಡುವೆ ಗಿಳಿಮೀನು, ಚಿಟ್ಟೆಮೀನುಗಳು ಕಾಣುತ್ತವೆ. ಸಂದಿಗಳಲ್ಲಿ ಹಾವಿನಂಥ ಮೊರೆ ಈಲ್ ಇರುವುದರಿಂದ ಎಲ್ಲಿಯೂ ಕೈ ತೂರಿಸಬಾರದು. ಹವಳ ಕಲ್ಲಲ್ಲ, ಜೀವಂತ ಪ್ರಾಣಿಗಳ ಕಾಲೊನಿ; ಅದರ ಮೇಲೆ ನಿಂತರೆ ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ, ನಿಮ್ಮ ಕಾಲಿಗೂ ಬೇಗ ಮಾಯದ ಗಾಯವಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ಹವಳ ಮತ್ತು ತಿಮಿಂಗಿಲ ಶಾರ್ಕ್‌ಗಳನ್ನು ಸೇರಿಸಿದ್ದರಿಂದ ಹವಳದ ಒಂದು ಚೂರು ಚೀಲದಲ್ಲಿ ಸಿಕ್ಕರೂ ಹುಲಿಯ ಉಗುರು ಸಿಕ್ಕಷ್ಟೇ ಗಂಭೀರ. ಅಂಬಲಿ ಮೀನು (ಜೆಲ್ಲಿಫಿಶ್) ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆದು ವೈದ್ಯರಲ್ಲಿಗೆ ಹೋಗಿ.

ಇಲ್ಲಿಗೆ ಬಂದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಮಾಡುವ ಆಸೆಯಾಗುವುದು ಸಹಜ. ಮಾಡಿ, ಆದರೆ ಅದೇ ದಿನ ಘಟ್ಟ ಹತ್ತಬೇಡಿ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು, ಎತ್ತರಕ್ಕೆ ಏರಿದರೆ ಅದು ಗುಳ್ಳೆಗಳಾಗಬಹುದು. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಮೇಲೆ ಮೇಲೆಯೇ ತೇಲುವ ಸ್ನಾರ್ಕೆಲಿಂಗ್‌ಗೆ ಈ ತೊಡಕಿಲ್ಲ.

ನವಮಿಯನ್ನು ಖಾಲಿ ಬಿಡಿ. ಗಾಳಿ ಎದ್ದು ಅಷ್ಟಮಿಯ ದೋಣಿ ರದ್ದಾದರೆ ಅದು ಕಡಲಿಗೆ, ರದ್ದಾಗದಿದ್ದರೆ ದೇವಸ್ಥಾನಕ್ಕೆ, ಬಟ್ಟೆ ಒಣಗಿಸುವುದಕ್ಕೆ, ಮತ್ತು ಡೈವಿಂಗ್ ಮಾಡಿದವರ ವಿಶ್ರಾಂತಿಗೆ.

ಹಂತ 9: ಮರಳುವಾಗ

ಹೊನ್ನಾವರ, ಕುಮಟಾ, ಅಂಕೋಲೆಗಳ ಮೇಲೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ, ಮರುದಿನ ಊರಿಗೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದ ಜಾಗ ಇದೇ ಹಾದಿಯಲ್ಲಿದೆ. ಅಕಾಲಿಕ ಮಳೆ ಬಿದ್ದಿದ್ದರೆ ಹೊರಡುವ ಮೊದಲು ರಸ್ತೆಯ ಸ್ಥಿತಿ ವಿಚಾರಿಸಿ. ಹುಬ್ಬಳ್ಳಿಯಲ್ಲಿ ವಾಹನದ ತಳಭಾಗವನ್ನು ಸಿಹಿನೀರಿನಿಂದ ತೊಳೆಸಿದರೆ ಉಪ್ಪಿನ ತುಕ್ಕು ತಪ್ಪುತ್ತದೆ. ಮಾಸ್ಕ್, ಕೊಳವೆ, ಡೇರೆಯ ಜಿಪ್ಪುಗಳನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯಿರಿ, ಉಪ್ಪು ಉಳಿದ ಜಿಪ್ಪು ಮುಂದಿನ ಸಲ ತೆರೆಯುವುದಿಲ್ಲ. ಡೇರೆಯನ್ನು ಮಾಳಿಗೆಯ ಮೇಲೆ ಹರವಬಹುದಾದರೂ ನಮ್ಮ ಬಿಸಿಲಿಗೆ ದಿನಗಟ್ಟಲೆ ಬಿಟ್ಟರೆ ಬಟ್ಟೆ ಸವೆಯುತ್ತದೆ. ಒಂದು ಹೊತ್ತು ಸಾಕು. ಮಾಸ್ಕಿನ ಸಿಲಿಕೋನನ್ನು ನೆರಳಿನಲ್ಲಿಯೇ ಒಣಗಿಸಿ ಡಬ್ಬಿಗೆ ಹಾಕಿ.